ನೆಟ್‌ವರ್ಕ್ ಸಾಧನಗಳ ಡೇಟಾ ಕೂಡಿಡುವ ಸಾಫ್ಟ್‌ವೇರ್: ಏನೇನು ತರಬೇಕು, ಎಷ್ಟು ಇಡಬೇಕು?

ಕೊಡಿಯಾಲ್_ಕನ್ಸೋಲ್

ಒಂದು ಕಾಲೇಜು, ಎರಡು ಕ್ಯಾಂಪಸ್: ಮಂಗಳೂರಲ್ಲಿ ಒಂದು, ಉಡುಪಿಯಲ್ಲಿ ಒಂದು. 48 ಪೋರ್ಟಿನ ಸ್ವಿಚ್ 40, ರೂಟರ್ 4, ಫೈರ್‌ವಾಲ್ 2, ಯುಪಿಎಸ್ 6. ನಾಲ್ಕೈದು ಕಂಪನಿಯ ಮಾಲು ಬೆರೆತಿದೆ. ನಡುವೆ ಬಾಡಿಗೆ ಫೈಬರ್. ಸದ್ಯಕ್ಕೆ ಪಿಂಗ್ ಮಾಡಿ ಮೇಲ್ ಕಳಿಸುವ ಸ್ಕ್ರಿಪ್ಟ್ ಒಂದೇ ಇರುವುದು. ಗೋಡೆಗೆ ಹಾಕುವ ಲೈವ್ ಪರದೆ ಬೇಡ. "ಆಗಸ್ಟಲ್ಲಿ ಈ ಪೋರ್ಟ್ ಹೇಗಿತ್ತು, ಕಾನ್ಫಿಗ್ ಯಾವಾಗ ಬದಲಾಯಿತು, ಈ ಐಪಿ ಯಾರ ಹತ್ರ ಇತ್ತು" ಅಂತ ಕೇಳಿದರೆ ಉತ್ತರ ಸಿಗಬೇಕು. ಸಾಫ್ಟ್‌ವೇರಿಗೆ ಏನೇನು ಸಾಮರ್ಥ್ಯ ಇರಬೇಕು, ಡಿಸ್ಕ್ ಎಷ್ಟು ಬೇಕು? ಓಪನ್ ಸೋರ್ಸ್ ಆದರೆ ಒಳ್ಳೆಯದು.

ಪಣಂಬೂರು_ಪೋಲರ್

ನೀವು ಕೇಳಿದ ಮೂರು ಪ್ರಶ್ನೆಗೆ ಮೂರು ಬೇರೆ ಬೇರೆ ಆರ್ಕೈವ್ ಬೇಕು ಮಾರಾಯ್ರೆ. ಪೋರ್ಟಿನ ಲೆಕ್ಕ ಎಸ್‌ಎನ್‌ಎಂಪಿಯಲ್ಲಿ (ಸಾಧನದಿಂದ ಅಂಕಿ ಕೇಳಿ ಪಡೆಯುವ ಪ್ರೋಟೋಕಾಲ್) ಬರ್ತದೆ. ಕಾನ್ಫಿಗನ್ನು (ಸಾಧನದ ಸೆಟ್ಟಿಂಗ್‌ಗಳ ಪಟ್ಟಿ) ಎಸ್‌ಎಸ್‌ಎಚ್ ಲಾಗಿನ್ ಆಗಿ ತರಬೇಕು. ಐಪಿ ಯಾರದ್ದು ಅನ್ನುವುದಕ್ಕೆ ಎಆರ್‌ಪಿ (ಯಾವ ಐಪಿಗೆ ಯಾವ ಮ್ಯಾಕ್, ಅಂದರೆ ಯಂತ್ರದ ವಿಳಾಸ), ಮ್ಯಾಕ್ ಟೇಬಲ್ (ಯಾವ ಮ್ಯಾಕ್ ಯಾವ ಪೋರ್ಟಲ್ಲಿ), ಡಿಎಚ್‌ಸಿಪಿ ಲಾಗ್ (ಐಪಿ ಹಂಚಿದ ದಾಖಲೆ) ಬೇಕು. ಎಲ್ಲ ಒಂದರಲ್ಲೇ ಉಂಟು ಅಂತ ಮಾರುವ ಪ್ಯಾಕೇಜಲ್ಲಿ ಒಂದು ಭಾಗ ಚೆನ್ನಾಗಿರ್ತದೆ, ಉಳಿದದ್ದು ಹೆಸರಿಗೆ.

ಮೊದಲು ಕೌಂಟರ್. ಸ್ವಿಚ್ ವೇಗ ಹೇಳುವುದಿಲ್ಲ, ಇಷ್ಟು ಬೈಟ್ ಹೋಯಿತು ಅಂತ ಏರುತ್ತಾ ಹೋಗುವ ಒಂದು ಸಂಖ್ಯೆ ಕೊಡ್ತದೆ, ಅಷ್ಟೆ. ಎರಡು ಸಲ ಓದಿ, ಕಳೆದು, ಸಮಯದಿಂದ ಭಾಗಿಸುವ ಕೆಲಸ ಕಲೆಕ್ಟರಿನದ್ದು (ಡೇಟಾ ಕೂಡಿಸುವ ಸಾಫ್ಟ್‌ವೇರ್). ಹಳೆ ಕೌಂಟರ್ (ಎಸ್‌ಎನ್‌ಎಂಪಿಯಲ್ಲಿ ಅದನ್ನು ಕೇಳುವ ಸಂಖ್ಯೆ 1.3.6.1.2.1.2.2.1.10) 32 ಬಿಟ್ಟಿನದು, 4,294,967,295 ದಾಟಿದರೆ ಸೊನ್ನೆಗೆ ತಿರುಗ್ತದೆ. ತುಂಬಿ ಹರಿಯುವ 100 ಎಂಬಿಪಿಎಸ್ ಲಿಂಕಲ್ಲಿ ಅದಕ್ಕೆ 343 ಸೆಕೆಂಡ್ ಸಾಕು, 1 ಜಿಬಿಪಿಎಸ್ ಆದರೆ 34 ಸೆಕೆಂಡ್. 5 ನಿಮಿಷಕ್ಕೊಮ್ಮೆ ಓದಿದರೆ ನಡುವೆ ಎಷ್ಟು ಸುತ್ತು ಹೊಡೆಯಿತು ಅಂತ ಯಾವ ಸಾಫ್ಟ್‌ವೇರಿಗೂ ಗೊತ್ತಾಗ್ಲಿಕ್ಕಿಲ್ಲ. ಗ್ರಾಫ್ ಬರ್ತದೆ, ನೋಡ್ಲಿಕ್ಕೆ ಚಂದವೂ ಉಂಟು, ಆದರೆ ಸುಳ್ಳು.

64 ಬಿಟ್ಟಿನ ಕೌಂಟರನ್ನೇ ಓದಿಸಿ: ಒಳಬಂದದ್ದಕ್ಕೆ 1.3.6.1.2.1.31.1.1.1.6, ಹೊರಹೋದದ್ದಕ್ಕೆ ಅದೇ ಸಾಲಿನ 10. ಎಸ್‌ಎನ್‌ಎಂಪಿ ವಿ1ರಲ್ಲಿ ಇದು ಬರುವುದೇ ಇಲ್ಲ, ವಿ2ಸಿ ಅಥವಾ ವಿ3 ಬೇಕು. ಜೊತೆಗೆ ಎರರ್, ಡಿಸ್ಕಾರ್ಡ್, ಪ್ಯಾಕೆಟ್ ಸಂಖ್ಯೆ. ಟ್ರಾಫಿಕ್ ಮಾತ್ರ ಇಟ್ಟುಕೊಂಡು ಎರರ್ ಬಿಟ್ಟವರಿಗೆ ಆರ್ಕೈವಿನಿಂದ ಸಿಗುವ ಅರ್ಧ ಪ್ರಯೋಜನ ಹೋಯಿತು.

ಇನ್ನೊಂದು, ಪೋರ್ಟನ್ನು ಗುರುತಿಸುವುದು ಯಾವುದರಿಂದ ಅಂತ ನೋಡಿ. ಇಂಡೆಕ್ಸ್ ಸಂಖ್ಯೆಯನ್ನೇ ನಂಬುವ ಸಾಫ್ಟ್‌ವೇರ್ ಆದರೆ, ಸ್ವಿಚ್ ರೀಬೂಟ್ ಆಗಿ ಸಂಖ್ಯೆ ಬದಲಾದ ದಿನ 12ನೇ ಪೋರ್ಟಿನ ಡೇಟಾ 13ರ ಫೈಲಿಗೆ ಹೋಗಿ ಕೂತಿರ್ತದೆ. ಸಿಸ್ಕೋದಲ್ಲಿ ಇಂಡೆಕ್ಸ್ ಪರ್ಸಿಸ್ಟ್ (ರೀಬೂಟ್ ಆದರೂ ಅದೇ ಸಂಖ್ಯೆ ಉಳಿಸುವುದು) ಆನ್ ಮಾಡ್ಲಿಕ್ಕೆ ಆದೇಶ ಉಂಟು. ಆ ಸೌಲಭ್ಯ ಇಲ್ಲದ ಸ್ವಿಚ್ಚಿಗೆ ಪೋರ್ಟಿನ ಹೆಸರಿನ ಮೇಲೆ ಹೊಂದಿಸುವ ಸಾಫ್ಟ್‌ವೇರೇ ಆಗಬೇಕು. ಪೋರ್ಟಿಗೆ ಬರೆದಿಟ್ಟ ವಿವರಣೆಯನ್ನೂ (ಅದೇ ಸಾಲಿನ 18) ಕೂಡಿಡಬೇಕು. ಯಾವ ಕೋಣೆಯ ತಂತಿ ಅಂತ ಮುಂದೆ ಹೇಳುವುದು ಅದೊಂದೇ.

ಮಣಿಪಾಲ_ಮಿಬ್

ಇದಕ್ಕೆ ಸೇರಿಸುವುದು: ರೀಬೂಟ್. ಮುಂಗಾರಿಗೆ ಮುಂಚಿನ ಸಿಡಿಲಿನ ದಿನಗಳಲ್ಲಿ ಕರೆಂಟ್ ಹೋಗಿ ಬರುವುದು ನಮ್ಮ ಕಡೆ ಹೊಸದಲ್ಲ. ಸ್ವಿಚ್ ಪ್ರತಿ ಸಲ ಎದ್ದಾಗ ಕೌಂಟರ್ ಸೊನ್ನೆಯಿಂದ ಶುರು. ಅಂಕಿಗಳನ್ನು ಫೈಲಿನಲ್ಲಿ ಕೂಡಿಟ್ಟು ಗ್ರಾಫ್ ಬರೆಯುವ ಆರ್‌ಆರ್‌ಡಿಟೂಲ್‌ನ (ಆರ್‌ಆರ್‌ಡಿ) ‘ಕೌಂಟರ್’ ಮಾದರಿ ಇದನ್ನು ಸುತ್ತು ಹೊಡೆದದ್ದು ಎಂದು ತಿಳಿದು ದೊಡ್ಡ ಅಂಕಿಯೊಂದನ್ನು ಬರೆದುಬಿಡುತ್ತದೆ. 1 ಜಿಬಿಪಿಎಸ್ ಪೋರ್ಟಿನಲ್ಲಿ ಟೆರಾಬಿಟ್‌ಗಟ್ಟಲೆ ವೇಗ ಕಾಣುವ ಆ ಕಂಬ ಒಂದಿದ್ದರೆ ಉಳಿದ ಗ್ರಾಫೆಲ್ಲ ನೆಲಕ್ಕೆ ಅಂಟಿರುತ್ತದೆ.

ಮದ್ದು ಎರಡು. 64 ಬಿಟ್ ಕೌಂಟರಿಗೆ ‘ಡಿರೈವ್’ ಮಾದರಿ ಬಳಸಿ ಕನಿಷ್ಠ ಮೌಲ್ಯ 0 ಎಂದು ಕೊಡಿ. ಋಣ ಬಂದರೆ ಅದನ್ನು ‘ಗೊತ್ತಿಲ್ಲ’ ಎಂದು ದಾಖಲಿಸುತ್ತದೆ. ಗರಿಷ್ಠ ಮೌಲ್ಯವನ್ನೂ ಲಿಂಕಿನ ವೇಗಕ್ಕೆ ಕಟ್ಟಿ. ಬೈಟ್ ಲೆಕ್ಕದಲ್ಲಿ 1 ಜಿಬಿಪಿಎಸ್ ಎಂದರೆ 12,50,00,000. ಬಿಟ್ ಲೆಕ್ಕದ ಅಂಕಿ ಹಾಕಿದರೆ ತಡೆ ಎಂಟು ಪಟ್ಟು ಸಡಿಲವಾಗುತ್ತದೆ.

ರೀಬೂಟ್ ಆಯಿತೇ ಎಂದು ತಿಳಿಯಲು ಅಪ್‌ಟೈಮ್ (1.3.6.1.2.1.1.3.0) ಕೂಡಿಡುವುದು ರೂಢಿ. ಅದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಎಣಿಸುವ 32 ಬಿಟ್ ಸಂಖ್ಯೆ, 497 ದಿನಕ್ಕೆ ಸೊನ್ನೆಗೆ ಬರುತ್ತದೆ. ಒಳ್ಳೆಯ ಯುಪಿಎಸ್ ಹಿಂದಿರುವ ಕೋರ್ ಸ್ವಿಚ್ ಒಂದೂವರೆ ವರ್ಷದ ಹತ್ತಿರ "ರೀಬೂಟ್ ಆಯಿತು" ಎಂದು ಸುಳ್ಳು ಎಚ್ಚರಿಕೆ ಕೊಟ್ಟರೆ ಕಾರಣ ಇದು. ಎಸ್‌ಎನ್‌ಎಂಪಿ ಎಂಜಿನ್ ಟೈಮ್ (1.3.6.1.6.3.10.2.1.3) ಸೆಕೆಂಡಿನಲ್ಲಿ ಎಣಿಸುತ್ತದೆ, ಅದನ್ನು ಜೊತೆಗಿಟ್ಟು ಹೋಲಿಸಿ.

ಕೊಡಿಯಾಲ್_ಕನ್ಸೋಲ್

ಸರಿ. ಹಾಗಾದರೆ ಕೂಡಿಡುವುದು ಯಾವುದರಲ್ಲಿ? ಆರ್‌ಆರ್‌ಡಿ ಹಳೆಯದಾಯಿತು ಅಂತ ಹೇಳ್ತಾರೆ.

ಕಾಪು_ಕೋರ್

ಹಳೆಯದು ಹೌದು, 1999ರದ್ದು. ಕೆಟ್ಟದ್ದಲ್ಲ. ಫೈಲಿನ ಗಾತ್ರ ಮೊದಲ ದಿನವೇ ನಿಗದಿ, ಆಮೇಲೆ ಬೆಳೆಯುವುದಿಲ್ಲ. ಡಿಸ್ಕ್ ತುಂಬಿ ಸರ್ವರ್ ನಿಂತುಹೋಯಿತು ಅನ್ನುವ ಫೋನ್ ಬರುವುದಿಲ್ಲ.

ಆದರೆ ಅದು ಹಳೆ ಡೇಟಾವನ್ನು ಅರೆದು, ಅಂದರೆ ಸರಾಸರಿ ಮಾಡಿ, ಇಡ್ತದೆ. ರೂಢಿಯ ಅಳತೆ ನೋಡಿ: 5 ನಿಮಿಷದ 600 ಸಾಲು, ಅಂದರೆ 50 ಗಂಟೆ. ಅರ್ಧ ಗಂಟೆಯ 700, ಅಂದರೆ ಎರಡು ವಾರ. 2 ಗಂಟೆಯ 775, ಎರಡು ತಿಂಗಳ ಚಿಲ್ಲರೆ. ದಿನದ 797. ಎರಡು ತಿಂಗಳು ಕಳೆದ ಮೇಲೆ ದಿನಕ್ಕೊಂದು ಸರಾಸರಿ ಬಿಟ್ಟು ಬೇರೇನೂ ಇಲ್ಲ. ಇಡೀ ದಿನ ಒಂದು ಅಂಕಿ! ಪರೀಕ್ಷೆಯ ದಿನ ಬೆಳಿಗ್ಗೆ 10ಕ್ಕೆ ಲಿಂಕ್ ಉಸಿರುಗಟ್ಟಿದ್ದು ಅದರಲ್ಲಿ ಎಲ್ಲಿ ಕಾಣ್ಲಿಕ್ಕೆ?

ಲೆಕ್ಕ ಬೇಕಾದರೆ ಇಲ್ಲಿದೆ. 2 ಗಂಟೆಗೆ 24 ಮಾದರಿ. ಅದರಲ್ಲಿ ಒಂದು 900 ಎಂಬಿಪಿಎಸ್, ಉಳಿದ 23 ತಲಾ 50. ಸರಾಸರಿ 85. ಆ 900 ಮಾಯ. ಹಾಗಾಗಿ ಸರಾಸರಿಯ ಪಕ್ಕದಲ್ಲಿ ‘ಮ್ಯಾಕ್ಸ್’ ಸಾಲನ್ನೂ ಇಡಿಸಲೇಬೇಕು. ಅದಕ್ಕಿಂತ ಒಳ್ಳೆಯದು, 5 ನಿಮಿಷದ್ದನ್ನೇ ಒಂದು ವರ್ಷ ಪೂರ್ತಿ ಇಟ್ಟುಬಿಡಿ. 1,05,120 ಸಾಲು, ಒಂದು ಮೌಲ್ಯಕ್ಕೆ 8 ಬೈಟ್. ಪೋರ್ಟಿಗೆ 8 ಕೌಂಟರ್ ಎಂದರೂ 6.7 ಎಂಬಿ. ನಿಮ್ಮ 2,000 ಪೋರ್ಟಿಗೆ ಒಟ್ಟು 13.5 ಜಿಬಿ. ಈ ಕಾಲದಲ್ಲಿ ಅದೊಂದು ಗಾತ್ರವಾ?

1 ನಿಮಿಷಕ್ಕೆ ಇಳಿಸಿದರೆ 67 ಜಿಬಿ. ಅದನ್ನು ಅಪ್‌ಲಿಂಕ್‌ಗಳಿಗೆ ಮಾತ್ರ ಮಾಡಿ. ಎಲ್ಲಾ ಪೋರ್ಟಿಗೆ ಮಾಡ್ಲಿಕ್ಕೆ ಹೋದರೆ ಡಿಸ್ಕಿಗಿಂತ ಮೊದಲು ಹಳೆ ಸ್ವಿಚ್ಚಿನ ಸಿಪಿಯು ಸಾಯ್ತದೆ.

ಮಣಿಪಾಲ_ಮಿಬ್

ಕಾಪು ಅವರ ಲೆಕ್ಕ ಸರಿ, ಒಂದು ಮಾತು ಬಿಟ್ಟುಹೋಗಿದೆ. ಫೈಲ್ ಹುಟ್ಟಿಸುವ ಮೊದಲೇ ಇದನ್ನು ತೀರ್ಮಾನಿಸಬೇಕು. ಆಮೇಲೆ ಸಾಲುಗಳ ಸಂಖ್ಯೆ ಹಿಗ್ಗಿಸಬಹುದು. ಅರೆದುಹೋದದ್ದನ್ನು ಮರಳಿ ಪಡೆಯುವ ದಾರಿಯೇ ಇಲ್ಲ. ಬೇರೆ ಜಾತಿಯ ಪ್ರೊಸೆಸರಿನ ಯಂತ್ರಕ್ಕೆ ಸಾಗಿಸುವಾಗಲೂ ಫೈಲನ್ನು ಹಾಗೇ ಕಾಪಿ ಮಾಡುವಂತಿಲ್ಲ, ಎಕ್ಸ್‌ಎಂಎಲ್‌ಗೆ ಡಂಪ್ ಮಾಡಿ ಅಲ್ಲಿ ರಿಸ್ಟೋರ್ ಮಾಡಬೇಕು.

ಟೈಮ್ ಸೀರೀಸ್ ಡೇಟಾಬೇಸ್‌ಗಳು ಅರೆಯುವುದಿಲ್ಲ, ಆದರೆ ಅವಧಿ ಮುಗಿದದ್ದನ್ನು ಪೂರ್ತಿ ಅಳಿಸುತ್ತವೆ. ಪ್ರೊಮೀಥಿಯಸ್‌ನಲ್ಲಿ ಏನೂ ಹೇಳದಿದ್ದರೆ 15 ದಿನ, ಅಷ್ಟೇ. ಅದನ್ನೇ ಆರ್ಕೈವ್ ಎಂದು ನಂಬಿ ಕೂತರೆ ಹದಿನಾರನೇ ದಿನ ಕೈ ಖಾಲಿ. ಜಾಗದ ವಿಷಯದಲ್ಲಿ ಅದು ಜಿಪುಣ, ಒಂದು ಮಾದರಿಗೆ 1ರಿಂದ 2 ಬೈಟ್. ನಿಮ್ಮ ಒಂದು ವರ್ಷದ ಡೇಟಾ 2ರಿಂದ 4 ಜಿಬಿಯೊಳಗೆ ಕೂರುತ್ತದೆ. ಜ್ಯಾಬಿಕ್ಸ್ ಎಂಬ ಓಪನ್ ಸೋರ್ಸ್ ಮಾನಿಟರಿಂಗ್ ಸಾಫ್ಟ್‌ವೇರ್ ಮಧ್ಯದ ದಾರಿ ಹಿಡಿದಿದೆ: ಕಚ್ಚಾ ಡೇಟಾ ಕೆಲವು ವಾರ, ಅದರಾಚೆಗೆ ಗಂಟೆಗೊಂದರಂತೆ ಕನಿಷ್ಠ, ಸರಾಸರಿ, ಗರಿಷ್ಠ. ನನ್ನ ಮತ ಅದರ ಕಡೆಗೆ.

ಬಾಡಿಗೆ ಲಿಂಕಿನ ಬಿಲ್ಲು 95ನೇ ಪರ್ಸೆಂಟೈಲ್ ಲೆಕ್ಕದಲ್ಲಿದ್ದರೆ ಆ ಲಿಂಕಿಗೆ ಕಚ್ಚಾ ಡೇಟಾವೇ ಬೇಕು. 30 ದಿನಕ್ಕೆ 8,640 ಮಾದರಿ, ಮೇಲಿನ 432 ತೆಗೆದು ಹಾಕಿ ಉಳಿದದ್ದರಲ್ಲಿ ದೊಡ್ಡದು. ಸರಾಸರಿ ಮಾಡಿದ ಡೇಟಾದಿಂದ ಈ ಲೆಕ್ಕ ಹಾಕಿದರೆ ಅಂಕಿ ಸರಿ ಬರುವುದಿಲ್ಲ, ಹೆಚ್ಚಾಗಿ ಕಡಿಮೆ ಬರುತ್ತದೆ, ಕಂಪನಿಯವರು ಒಪ್ಪುವುದಿಲ್ಲ. ಒಪ್ಪಬಾರದು ಕೂಡ.

ಹಂಪನಕಟ್ಟೆ_ಲಾಗ್

ಆರ್‌ಆರ್‌ಡಿ ಬಳಸುವವರಿಗೆ ನಮ್ಮ ದೇಶದ್ದೇ ಒಂದು ಕೀಟಲೆ ಉಂಟು. ದಿನದ ಸಾಲುಗಳು ಯುಟಿಸಿ (ಜಾಗತಿಕ ಸಮಯ) ಮಧ್ಯರಾತ್ರಿಗೆ ಕೂಡ್ತವೆ. ಅಂದರೆ ನಿಮ್ಮ "ಸೋಮವಾರ" ಬೆಳಿಗ್ಗೆ 5:30ರಿಂದ ಮಂಗಳವಾರ ಬೆಳಿಗ್ಗೆ 5:30ರ ತನಕ. ಹಾಸ್ಟೆಲಿನ ರಾತ್ರಿ 1 ಗಂಟೆಯ ಟ್ರಾಫಿಕ್ ಹಿಂದಿನ ದಿನದ ಖಾತೆಗೆ ಬೀಳ್ತದೆ. ಗಂಟೆಯ ಸಾಲಿಗೂ ಅದೇ ಗತಿ, ಅರ್ಧ ಗಂಟೆ ಜಾರಿರ್ತದೆ. ದಿನವಾರು ವರದಿ ಬೇಕಾದರೆ 5 ಅಥವಾ 30 ನಿಮಿಷದ ಸಾಲಿನಿಂದ ಕೂಡಿ ತೆಗೆಯಿರಿ.

ಕಾಪು_ಕೋರ್

ಪೋಲ್ ಮಾಡುವ (ಆಗಾಗ ಅಂಕಿ ಕೇಳುವ) ಯಂತ್ರ ಎಲ್ಲಿ ಇಡ್ತೀರಿ? ಮಂಗಳೂರಲ್ಲಿ ಒಂದೇ ಇಟ್ಟರೆ, ನಡುವಿನ ಫೈಬರ್ ಕಡಿದ ಗಳಿಗೆಯಲ್ಲೇ ಉಡುಪಿಯ ಡೇಟಾ ಖಾಲಿ. ಹೆದ್ದಾರಿ ಬದಿಯಲ್ಲಿ ಜೆಸಿಬಿ ಇಳಿದರೆ ಏನಾಗ್ತದೆ ಅಂತ ಹೇಳಬೇಕಾಗಿಲ್ಲ. ಉಡುಪಿಯಲ್ಲೊಂದು ಚಿಕ್ಕ ಕಲೆಕ್ಟರ್ ಬೇಕು, ಅದು ತನ್ನಲ್ಲೇ ಬರೆದಿಟ್ಟು ಲಿಂಕ್ ಬಂದ ಮೇಲೆ ಕಳಿಸಬೇಕು. ಟೆಂಡರಲ್ಲಿ ಈ ವಾಕ್ಯ ಬರೆಯಿರಿ.

ಜ್ಯಾಬಿಕ್ಸ್ ಪ್ರಾಕ್ಸಿ ಇದನ್ನು ಮಾಡ್ತದೆ, ಆದರೆ ಆಫ್‌ಲೈನ್ ಬಫರ್ ಅದರ ಪಾಡಿಗೆ ಬಿಟ್ಟರೆ 1 ಗಂಟೆ ಮಾತ್ರ. 720 ಗಂಟೆ ತನಕ ಏರಿಸಬಹುದು. ಫೈಬರ್ ಜೋಡಿಸ್ಲಿಕ್ಕೆ ಎರಡು ದಿನ ಹಿಡಿದರೂ ತಡೆಯುವಂತೆ 72 ಹಾಕಿ. ಲಿಬ್ರೆಎನ್‌ಎಂಎಸ್‌ (ಇನ್ನೊಂದು ಮಾನಿಟರಿಂಗ್ ಸಾಫ್ಟ್‌ವೇರ್) ಹಂಚಿದ ಪೋಲರ್‌ಗಳಿಗೆ ಕೇಂದ್ರದ ಡೇಟಾಬೇಸ್ ಕೈಗೆ ಸಿಗುತ್ತಲೇ ಇರಬೇಕು, ಹಾಗಾಗಿ ಈ ಕೆಲಸಕ್ಕೆ ಅದು ಬರುವುದಿಲ್ಲ. ಬೇಕಾದರೆ ಉಡುಪಿಗೆ ಬೇರೆಯೇ ಒಂದು ಹಾಕಿ.

ಸತ್ತ ಸಾಧನಗಳಿಗೆ ಕಾಯುವುದೂ ದೊಡ್ಡ ಸಮಸ್ಯೆ. ನೆಟ್-ಎಸ್‌ಎನ್‌ಎಂಪಿಯಲ್ಲಿ (ಎಸ್‌ಎನ್‌ಎಂಪಿ ಪ್ರಶ್ನೆ ಕಳಿಸುವ ಟೂಲ್) ಏನೂ ಬದಲಿಸದಿದ್ದರೆ 1 ಸೆಕೆಂಡ್ ಕಾಯುವಿಕೆ, 5 ಮರುಯತ್ನ, ಒಂದು ಪ್ರಶ್ನೆಗೆ 6 ಸೆಕೆಂಡ್ ಹಾಳು. ಒಂದು ಬ್ಲಾಕಿನ ಕರೆಂಟ್ ಹೋಗಿ 10 ಸ್ವಿಚ್ ಮಲಗಿದರೆ, ಪೋಲಿಂಗ್ ಸುತ್ತು 300 ಸೆಕೆಂಡ್ ಮೀರಿ ಬದುಕಿರುವ ಸ್ವಿಚ್‌ಗಳ ಗ್ರಾಫಿನಲ್ಲೂ ತೂತು ಬೀಳ್ತದೆ. ಆರ್‌ಆರ್‌ಡಿಯ ಹಾರ್ಟ್‌ಬೀಟ್ (ಮುಂದಿನ ಮಾದರಿಗೆ ಎಷ್ಟು ಸೆಕೆಂಡ್ ಕಾಯುವುದು) 600 ಇದ್ದರೆ ಒಂದು ತಪ್ಪಿದ್ದನ್ನು ಸಹಿಸ್ತದೆ, ಎರಡು ತಪ್ಪಿದರೆ ಇಲ್ಲ. ಮೊದಲು ಪಿಂಗ್, ಉತ್ತರ ಬಂದವರಿಗೆ ಮಾತ್ರ ಎಸ್‌ಎನ್‌ಎಂಪಿ.

ಬಜ್ಪೆ_ಬ್ಯಾಕಪ್

ಕಾನ್ಫಿಗ್ ಭಾಗಕ್ಕೆ ರ‍್ಯಾನ್ಸಿಡ್ ಅಥವಾ ಆಕ್ಸಿಡೈಸ್ಡ್. ಎರಡೂ ಲಾಗಿನ್ ಆಗಿ ಕಾನ್ಫಿಗ್ ಓದಿ ಗಿಟ್‌ನಲ್ಲಿ (ಪ್ರತಿ ಬದಲಾವಣೆಯ ಆವೃತ್ತಿ ಇಡುವ ವ್ಯವಸ್ಥೆ) ಹಾಕ್ತವೆ. ಬದಲಾವಣೆ ಇಲ್ಲದಿದ್ದರೆ ಹೊಸ ಕಮಿಟ್ (ಹೊಸ ಆವೃತ್ತಿ) ಇಲ್ಲ. ಆಕ್ಸಿಡೈಸ್ಡ್‌ನ ಮೂಲ ಅವಧಿ 3,600 ಸೆಕೆಂಡ್. ನಿಮ್ಮ ಹಾಗೆ ನಾಲ್ಕೈದು ಕಂಪನಿಯ ಮಾಲು ಇದ್ದರೆ ಪ್ರತಿಯೊಂದು ಮಾದರಿಗೂ ಬೆಂಬಲ ಉಂಟಾ ಅಂತ ಮೊದಲೇ ನೋಡಿ.

ಕಿರಿಕಿರಿ ಎಲ್ಲಿ ಅಂದರೆ ಗದ್ದಲದ ಸಾಲುಗಳು. ಕೊನೆಯ ಬದಲಾವಣೆಯ ಸಮಯ, ಅಪ್‌ಟೈಮ್, ಎನ್‌ಟಿಪಿ (ಗಡಿಯಾರ ಹೊಂದಿಸುವ ವ್ಯವಸ್ಥೆ) ಕ್ಲಾಕ್ ಪೀರಿಯಡ್, ಫ್ಯಾನ್ ವೇಗ. ಇವನ್ನು ಸೋಸದಿದ್ದರೆ ಗಂಟೆಗೊಂದು ಸುಳ್ಳು ಕಮಿಟ್, ನಿಜವಾದ ಬದಲಾವಣೆ ಅದರಡಿ ಹೂತುಹೋಗ್ತದೆ.

ಎರಡನೆಯದು, ಕಾನ್ಫಿಗ್ ಬಂತು ಅಂದ ಮಾತ್ರಕ್ಕೆ ಸಾಧನ ಮತ್ತೆ ಕಟ್ಟಬಹುದು ಅಂತ ಅಲ್ಲ. ಸಿಸ್ಕೋ ಸ್ವಿಚ್ ವಿಟಿಪಿ ಸರ್ವರ್ ಮೋಡಲ್ಲಿ (ವಿಲ್ಯಾನ್ ಪಟ್ಟಿಯನ್ನು ಬೇರೆ ಸ್ವಿಚ್‌ಗಳಿಗೆ ಹಂಚುವ ಮೋಡ್) ಇದ್ದರೆ ವಿಲ್ಯಾನ್ (ಸ್ವಿಚ್ಚೊಳಗೆ ಬೇರ್ಪಡಿಸಿದ ಜಾಲ) ಪಟ್ಟಿ ರನ್ನಿಂಗ್ ಕಾನ್ಫಿಗಲ್ಲಿ ಇರುವುದಿಲ್ಲ, ಫ್ಲ್ಯಾಶಿನ ಬೇರೆ ಫೈಲಲ್ಲಿ ಇರ್ತದೆ. ಮೈಕ್ರೋಟಿಕ್‌ನ ಎಕ್ಸ್‌ಪೋರ್ಟಲ್ಲಿ ಬಳಕೆದಾರರ ಪಾಸ್‌ವರ್ಡ್, ಸರ್ಟಿಫಿಕೇಟ್, ಎಸ್‌ಎಸ್‌ಎಚ್ ಕೀ ಬರುವುದಿಲ್ಲ. ರೂಟರ್‌ಓಎಸ್ (ಮೈಕ್ರೋಟಿಕ್‌ನ ಆಪರೇಟಿಂಗ್ ಸಿಸ್ಟಮ್) 7ರಿಂದ ಗುಪ್ತ ಮೌಲ್ಯಗಳನ್ನು ಕೇಳಿದರೆ ಮಾತ್ರ ಕೊಡ್ತದೆ. 6ರಲ್ಲಿ ಉಲ್ಟಾ, ಬೇಡ ಅಂದರೆ ಮಾತ್ರ ಅಡಗಿಸ್ತದೆ. ಅಪ್‌ಗ್ರೇಡ್ ಮಾಡಿದ ದಿನದಿಂದ ಬ್ಯಾಕಪ್ ಅರೆಬರೆ ಆದದ್ದು ರಿಸ್ಟೋರ್ ಮಾಡುವಾಗಲೇ ತಿಳಿಯುವುದು. ಬೈನರಿ ಬ್ಯಾಕಪ್ ಅದೇ ಪೆಟ್ಟಿಗೆಗೆ ಮರಳಿ ಹಾಕ್ಲಿಕ್ಕೆ, ಎಕ್ಸ್‌ಪೋರ್ಟ್ ಓದ್ಲಿಕ್ಕೆ. ಎರಡೂ ಇಡಿ.

ಗುಪ್ತ ಮೌಲ್ಯ ಇಡ್ತೀರಾದರೆ ಆ ಗಿಟ್ ಇಡೀ ಕ್ಯಾಂಪಸ್ಸಿನ ಬೀಗದ ಗೊಂಚಲು. ಅದನ್ನು ಹೊರಗಿನ ಉಚಿತ ಗಿಟ್ ತಾಣಕ್ಕೆ ತಳ್ಳಬೇಡಿ. ಕಲೆಕ್ಟರಿಗೆ ಓದುವ ಅಧಿಕಾರ ಮಾತ್ರ ಇರುವ ಬೇರೆ ಲಾಗಿನ್ ಕೊಡಿ.

ಕಲ್ಯಾಣಪುರ_ಸ್ಪ್ಲೈಸ್

ಎಲ್ಲರೂ ತಾಮ್ರದ ಪೋರ್ಟಿನ ಬಗ್ಗೆಯೇ ಮಾತಾಡ್ತಿದ್ದೀರಿ. ಎಸ್‌ಎಫ್‌ಪಿಯ (ಫೈಬರ್ ಸಿಕ್ಕಿಸುವ ಮಾಡ್ಯೂಲ್) ಬೆಳಕಿನ ಮಟ್ಟವನ್ನೂ ಕೂಡಿಡಿ ಅಣ್ಣ. ಎಂಟಿಟಿ ಸೆನ್ಸರ್ ಮಿಬ್ (ಮಿಬ್ ಅಂದರೆ ಎಸ್‌ಎನ್‌ಎಂಪಿಯಲ್ಲಿ ಕೇಳಬಹುದಾದ ಅಂಕಿಗಳ ಪಟ್ಟಿ; 1.3.6.1.2.1.99) ಅಥವಾ ಕಂಪನಿಯ ಸ್ವಂತ ಮಿಬ್‌ನಲ್ಲಿ ಸಿಗ್ತದೆ.

ಎಸ್‌ಎಫ್‌ಪಿ ಹೇಳುವ ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಅಂಕಿಗೆ ±3 ಡಿಬಿ ವ್ಯತ್ಯಾಸ ಮಾನದಂಡದಲ್ಲೇ ಒಪ್ಪಿದ್ದು. ಒಂದು ಸಲ ಓದಿ -17 ಅಂತ ಕಂಡರೆ ಅದು -14 ಇರಬಹುದು, -20 ಇರಬಹುದು. ಹಾಗಾಗಿ ಬಿಡಿ ಓದಿಗೆ ಬೆಲೆ ಕಡಿಮೆ, ಅದೇ ಮಾಡ್ಯೂಲಿನ ವರ್ಷದ ಗೆರೆಗೆ ಬೆಲೆ ಜಾಸ್ತಿ. ಮೇ ತಿಂಗಳಲ್ಲಿ -12, ಜುಲೈಯಲ್ಲಿ -15, ಮಳೆ ಬಿಟ್ಟ ಮೇಲೆ ಪುನಃ -12.5 ಅಂತ ಗೆರೆ ಇಳಿದು ಏರಿದರೆ ಜಾಯಿಂಟ್ ಬಾಕ್ಸಿಗೆ ನೀರು ಹೋಗ್ತಾ ಉಂಟು. ಒಂದೇ ದಿನ ಧಡಕ್ಕನೆ 3 ಡಿಬಿ ಇಳಿದು ಅಲ್ಲೇ ನಿಂತರೆ ಯಾರೋ ರ‍್ಯಾಕಿನಲ್ಲಿ ಪ್ಯಾಚ್ ಕಾರ್ಡ್ ಮಡಚಿದ್ದಾರೆ. ಎರಡು ತರಂಗದ ಬೈಡೈ ಎಸ್‌ಎಫ್‌ಪಿ ಆದರೆ ಎರಡೂ ತುದಿ ಹೋಲಿಸಿ: 1550 ನ್ಯಾನೋಮೀಟರಿನಲ್ಲಿ ನಷ್ಟ ಹೆಚ್ಚಿ 1310 ಹಾಗೇ ಇದ್ದರೆ ಮಡಿಕೆಯೇ.

ಮಾಡ್ಯೂಲ್ ಬದಲಿಸಿದ ದಿನ ಸೀರಿಯಲ್ ನಂಬರ್ ಸಮೇತ ದಾಖಲಾಗಬೇಕು, ಇಲ್ಲದಿದ್ದರೆ ಗೆರೆಯ ಆ ಮೆಟ್ಟಿಲಿಗೆ ಅರ್ಥ ಇಲ್ಲ.

ಸಿಡಿಲು ಬಿದ್ದ ಮೇಲೆ ಇನ್ನೊಂದು ನೋಡ್ಲಿಕ್ಕೆ ಉಂಟು. ಕಟ್ಟಡದ ಹೊರಗೆ ತಾಮ್ರದ ತಂತಿ ಹೋದ ಪೋರ್ಟ್ ಪೂರ್ತಿ ಸಾಯದೆ ಅರೆಜೀವ ಆಗಿರ್ತದೆ, ಲಿಂಕ್ ಲೈಟ್ ಉರೀತದೆ, ಎರರ್ ಕೌಂಟರ್ (1.3.6.1.2.1.2.2.1.14) ನಿಧಾನಕ್ಕೆ ಏರ್ತದೆ. ಏರಲು ಶುರುವಾದ ಗಂಟೆ ಆರ್ಕೈವಲ್ಲಿ ಕಂಡರೆ ವಿಮೆಯವರಿಗೂ ತೋರಿಸಬಹುದು. ಯುಪಿಎಸ್‌ನ ಬ್ಯಾಟರಿ ಅಂಕಿ (1.3.6.1.2.1.33 ಅಡಿಯಲ್ಲಿ) ಕೂಡಿಟ್ಟರೆ ಕರೆಂಟ್ ಹೋದ ಸಮಯವೂ ಪಕ್ಕದಲ್ಲೇ ಸಿಗ್ತದೆ.

ಕೊಡಿಯಾಲ್_ಕನ್ಸೋಲ್

ಇದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ, ಸೇರಿಸಿದೆ. ಇನ್ನು ಐಪಿ ಯಾರದ್ದು ಅನ್ನುವುದು ಮತ್ತು ಲಾಗ್. ಕಾನೂನಿನ ಪ್ರಕಾರ ಎಷ್ಟು ದಿನ?

ಹಂಪನಕಟ್ಟೆ_ಲಾಗ್

ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ದೇಶದೊಳಗೆ ಇಡಬೇಕು ಅಂತ ಉಂಟು. ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ. ಗಡಿಯಾರ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಎನ್‌ಟಿಪಿ ಸರ್ವರಿಗೆ, ಇಲ್ಲವೇ ಅವಕ್ಕೆ ಹೊಂದಿದ ಸರ್ವರಿಗೆ ಹೊಂದಿಸಬೇಕು. ನಿಮ್ಮ ಸಂಸ್ಥೆಗೆ ಹೇಗೆ ಅನ್ವಯ ಅಂತ ನಿಮ್ಮ ಆಡಳಿತದವರು ನೋಡಲಿ; ತಾಂತ್ರಿಕವಾಗಿ 180ನ್ನು ಕನಿಷ್ಠ ಅಂತ ಹಿಡಿದು ಡಿಸ್ಕ್ ಲೆಕ್ಕ ಹಾಕಿ.

ಫೈರ್‌ವಾಲ್ ಸೆಕೆಂಡಿಗೆ 200 ಸಾಲು, ಸಾಲಿಗೆ 300 ಬೈಟ್ ಅಂತ ಇಟ್ಟರೆ ದಿನಕ್ಕೆ 5.2 ಜಿಬಿ, 180 ದಿನಕ್ಕೆ 933 ಜಿಬಿ. ಪಠ್ಯವಾದ್ದರಿಂದ ದಿನಕ್ಕೊಮ್ಮೆ ಮುಚ್ಚಿ ಜಿಪ್ ಮಾಡಿದರೆ ಬಹಳ ಕುಗ್ಗುತ್ತದೆ. ನಿಮ್ಮಲ್ಲಿ ನಿಜಕ್ಕೂ ಸೆಕೆಂಡಿಗೆ ಎಷ್ಟು ಬರ್ತದೆ ಅಂತ ಒಂದು ವಾರ ಅಳೆದು ಆಮೇಲೆ ಕೊಳ್ಳಿ.

514ನೇ ಪೋರ್ಟಿಗೆ ಯುಡಿಪಿಯಲ್ಲಿ ಬರುವ ಸಿಸ್‌ಲಾಗ್ (ಸಾಧನ ಕಳಿಸುವ ಲಾಗ್) ಕಳೆದುಹೋದರೆ ಕಳೆದುಹೋಯಿತು, ಕೇಳುವವರಿಲ್ಲ. ಉಡುಪಿಯಲ್ಲಿ ಒಂದು ಆರ್‌ಸಿಸ್‌ಲಾಗ್ (ಲಾಗ್ ಪಡೆದು ಮುಂದೆ ಕಳಿಸುವ ಸಾಫ್ಟ್‌ವೇರ್) ಇಟ್ಟು ಅದಕ್ಕೆ ಡಿಸ್ಕ್ ಆಸರೆಯ ಕ್ಯೂ ಕೊಡಿ, ಅಲ್ಲಿಂದ ಮಂಗಳೂರಿಗೆ ಟಿಸಿಪಿಯಲ್ಲಿ, ಟಿಎಲ್‌ಎಸ್ (ಗೂಢಲಿಪಿ) ಆದರೆ 6514ರಲ್ಲಿ ಕಳಿಸಿ. ಸಾಧನದ ಸಮಯದ ಜೊತೆಗೆ ಕಲೆಕ್ಟರಿಗೆ ತಲುಪಿದ ಸಮಯವನ್ನೂ ಬರೆಸಿ. ಗಡಿಯಾರಕ್ಕೆ ಬ್ಯಾಟರಿ ಇಲ್ಲದ ಪೆಟ್ಟಿಗೆ ಎದ್ದಕೂಡಲೇ 1970 ಅಥವಾ 1993 ಅಂತ ಹೇಳ್ತದೆ, ಎನ್‌ಟಿಪಿ ಸಿಗುವ ತನಕದ ಲಾಗ್‌ಗಳು ಹುಡುಕಿದರೂ ಸಿಗ್ಲಿಕ್ಕಿಲ್ಲ.

ಪಣಂಬೂರು_ಪೋಲರ್

ಯಾವ ಮ್ಯಾಕ್ ಯಾವ ಪೋರ್ಟಲ್ಲಿತ್ತು ಅನ್ನುವುದಕ್ಕೆ ನೆಟ್‌ಡಿಸ್ಕೋ ಒಳ್ಳೆಯದು, ಪೋಸ್ಟ್‌ಗ್ರೆಸ್‌ನಲ್ಲಿ ಮೊದಲು ಕಂಡದ್ದು, ಕೊನೆಗೆ ಕಂಡದ್ದು ಎರಡೂ ಇಡ್ತದೆ. ಸ್ವಿಚ್ಚಿನ ಮ್ಯಾಕ್ ಟೇಬಲ್ ಸಾಮಾನ್ಯಕ್ಕೆ 300 ಸೆಕೆಂಡಿಗೆ ಮರೆತುಬಿಡ್ತದೆ. ಗಂಟೆಗೊಮ್ಮೆ ಓದಿದರೆ ಹತ್ತು ನಿಮಿಷ ಬಂದು ಹೋದ ಲ್ಯಾಪ್‌ಟಾಪ್ ದಾಖಲೆಯಲ್ಲೇ ಇರುವುದಿಲ್ಲ. ವೈಫೈಗೆ ಇದು ಸಾಲದು, ಅಲ್ಲಿ ರೇಡಿಯಸ್ ಅಕೌಂಟಿಂಗ್ ಲಾಗ್ (ಯಾರು ಯಾವಾಗ ಲಾಗಿನ್ ಆದರು ಅನ್ನುವ ದಾಖಲೆ) ಬೇಕು. ಈಗಿನ ಫೋನ್‌ಗಳು ಮ್ಯಾಕ್ ವಿಳಾಸ ಬದಲಾಯಿಸ್ತಾ ಇರ್ತವೆ, ಲಾಗಿನ್ ಹೆಸರಿಲ್ಲದೆ ಯಾರು ಅಂತ ಹೇಳ್ಲಿಕ್ಕಾಗುವುದಿಲ್ಲ.

ಫ್ಲೋ (ಯಾರಿಂದ ಯಾರಿಗೆ ಎಷ್ಟು ಹೋಯಿತು ಅನ್ನುವ ದಾಖಲೆ) ಬೇಕಾದರೆ ಎನ್‌ಎಫ್‌ಡಂಪ್. 5 ನಿಮಿಷಕ್ಕೊಂದು ಫೈಲ್ ಬರೀತದೆ, ಹಳತನ್ನು ಅಳಿಸುವ ಮಿತಿಯನ್ನು ಗಾತ್ರಕ್ಕೂ ದಿನಕ್ಕೂ ಕೊಡಬಹುದು. ಸ್ವಿಚ್ ಕೊಡುವುದು 1,000 ಪ್ಯಾಕೆಟಿಗೊಂದು ಆಯ್ದ ಎಸ್‌ಫ್ಲೋ ಆದರೆ ಅದು ಪ್ರಮಾಣ ತಿಳಿಯಲು ಮಾತ್ರ. "ಈ ಸಂಪರ್ಕ ಆಗಿತ್ತಾ" ಅಂತ ಕೇಳಿದರೆ ಅದರಲ್ಲಿ ಇಲ್ಲ ಅನ್ನುವುದು ಆಗಿಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ.

ಮಣಿಪಾಲ_ಮಿಬ್

ಎಸ್‌ಎನ್‌ಎಂಪಿ ವಿ3 ಹಾಕುವಾಗ ಎರಡು ಕಡೆ ಎಡವುತ್ತಾರೆ. ಒಂದು ಸ್ವಿಚ್ಚಿನ ಕಾನ್ಫಿಗನ್ನು ಇನ್ನೊಂದಕ್ಕೆ ಹಾಗೇ ಸುರಿದರೆ ಎಂಜಿನ್ ಐಡಿಯೂ (ಸಾಧನದ ಎಸ್‌ಎನ್‌ಎಂಪಿ ಗುರುತು) ಒಂದೇ ಆಗಿ, ಎರಡರಲ್ಲಿ ಒಂದು ಆಗಾಗ ಉತ್ತರ ನಿಲ್ಲಿಸುತ್ತದೆ. ಇನ್ನೊಂದು, ಎಂಜಿನ್ ಸಮಯ 150 ಸೆಕೆಂಡಿಗಿಂತ ಹೆಚ್ಚು ಜಾರಿದರೆ ಪ್ಯಾಕೆಟ್ ತಿರಸ್ಕೃತ. ವಿ2ಸಿ ಬಿಟ್ಟು ಗತಿಯಿಲ್ಲದ ಹಳೆ ಸ್ವಿಚ್ಚಿಗೆ ಕಲೆಕ್ಟರಿನ ಐಪಿಗೆ ಮಾತ್ರ ಬಿಡುವ ಎಸಿಎಲ್ (ಪ್ರವೇಶದ ಪಟ್ಟಿ), ‘ಪಬ್ಲಿಕ್’ ಎಂಬ ಕಮ್ಯುನಿಟಿ (ಪಾಸ್‌ವರ್ಡಿನಂಥ ಪದ) ತೆಗೆಯುವುದು, ವ್ಯೂ (ಏನೇನು ಕಾಣಬೇಕು ಎಂಬ ಮಿತಿ) ಹಾಕಿ ರೂಟಿಂಗ್ ಟೇಬಲ್ ಮುಚ್ಚುವುದು. ಆ ಟೇಬಲ್ ಪೂರ್ತಿ ವಾಕ್ ಮಾಡಿದಾಗಲೇ (ಸಾಲಾಗಿ ಓದಿದಾಗಲೇ) ರೂಟರಿನ ಸಿಪಿಯು ಏರುವುದು.

ಕೊಡಿಯಾಲ್_ಕನ್ಸೋಲ್

ಕೊನೆಯದು: ಸಾಫ್ಟ್‌ವೇರ್ ಬದಲಾಯಿಸಬೇಕಾದರೆ ಡೇಟಾ ಹೊರಗೆ ತೆಗೆಯಲು ಆಗ್ತದಾ?

ಕಾಪು_ಕೋರ್

ಆರ್‌ಆರ್‌ಡಿಗೆ ಎಕ್ಸ್‌ಎಂಎಲ್ ಡಂಪ್ ಉಂಟು, ಜ್ಯಾಬಿಕ್ಸ್‌ನದ್ದು ಎಸ್‌ಕ್ಯೂಎಲ್ ಟೇಬಲ್, ಗಿಟ್ ಮತ್ತು ಸಿಸ್‌ಲಾಗ್ ಬರೀ ಪಠ್ಯ. ಹಣ ಕೊಟ್ಟು ಕೊಳ್ಳುವುದಾದರೆ ಪರವಾನಗಿ ಮುಗಿದ ಮೇಲೂ ಹಳೆ ಡೇಟಾ ಓದಲು ಆಗ್ತದಾ, ಕಚ್ಚಾ ಮಾದರಿ ಸಿಎಸ್‌ವಿಯಲ್ಲಿ ಬರ್ತದಾ, ಪಿಡಿಎಫ್ ಗ್ರಾಫ್ ಮಾತ್ರವಾ ಅಂತ ಡೆಮೋ ದಿನವೇ ಮಾಡಿಸಿ ನೋಡಿ. ಡೆಮೋಗೆ ನಿಮ್ಮಲ್ಲಿರುವ ಅತೀ ಹಳೆ ಸ್ವಿಚ್ಚನ್ನೇ ಕೊಡಿ, ಹೊಸದು ಎಲ್ಲರದ್ದೂ ಓದ್ತದೆ.